ಹಳೇ ಎಂಎಕ್ಸ್-5ರ ಪವರ್ ವಿಂಡೋ: ಮೋಟಾರ್ ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಗುಂಡಿ ಒತ್ತಿದರೆ ಗ್ಲಾಸ್ ಮುಕ್ಕಾಲು ಭಾಗ ಏರಿ ಏದುಸಿರು ಬಿಡುತ್ತದೆ. ಕೈಯಿಂದ ಸ್ವಲ್ಪ ಎತ್ತಿಕೊಟ್ಟರೆ ಮೇಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಕಾರು ಇಟ್ಟುಕೊಂಡವರಿಗೆ ಇದು ಪರಿಚಿತ ದೃಶ್ಯ. 1989ರ ಫೆಬ್ರುವರಿಯಲ್ಲಿ ಷಿಕಾಗೋ ವಾಹನ ಮೇಳದಲ್ಲಿ ಮೊದಲು ಕಾಣಿಸಿಕೊಂಡು 1997ರವರೆಗೆ ತಯಾರಾದ, ಮೇಲೇಳುವ ಹೆಡ್‌ಲೈಟಿನ ಈ ಎರಡು ಸೀಟಿನ ಕಾರನ್ನು ಅಮೆರಿಕದವರು ಮಿಯಾಟ ಎನ್ನುತ್ತಾರೆ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಹೆಸರಿನಲ್ಲಿ ಮಾರಿದರು. ಎಂಜಿನ್ನು, ಗೇರ್‌ಬಾಕ್ಸು ಇನ್ನೂ ಗಟ್ಟಿಯಾಗಿರುವ ಕಾರುಗಳಲ್ಲೂ ಕಿಟಕಿ ಮಾತ್ರ ಸೋತಿರುತ್ತದೆ. ಅಗ್ಗದ ಮಾದರಿಗಳಲ್ಲಿ ಕೈಯಿಂದ ತಿರುಗಿಸುವ ಹಿಡಿಯೇ ಇತ್ತು. ಅವುಗಳ ಮಾಲೀಕರಿಗೆ ಈ ತಲೆನೋವಿನ ಅರ್ಧ ಭಾಗವೇ ಇಲ್ಲ.

ಹೆಚ್ಚಿನವರು ನೇರವಾಗಿ ಹೊಸ ಮೋಟಾರ್ ತರಿಸುತ್ತಾರೆ. ಹಾಕಿದ ಮೇಲೂ ಗ್ಲಾಸ್ ನಿಧಾನವಾಗೇ ಏರುತ್ತದೆ. ಏಕೆಂದರೆ ಇಂಥ ಕಾರುಗಳಲ್ಲಿ ಬಹಳ ಸಲ ಕೆಟ್ಟಿರುವುದು ಮೋಟಾರ್ ಅಲ್ಲ. ಮೋಟಾರಿಗೆ ಸಿಗಬೇಕಾದ ವೋಲ್ಟೇಜು ದಾರಿಯಲ್ಲಿ ಸೋರುತ್ತಿರುತ್ತದೆ, ಜೊತೆಗೆ ಗ್ಲಾಸ್ ಜಾರುವ ಹಳಿಯಲ್ಲಿ ಒಣಗಿದ ಗ್ರೀಸು ಅದನ್ನು ಹಿಡಿದೆಳೆಯುತ್ತಿರುತ್ತದೆ. ಈ ಎರಡೂ ಒಂದನ್ನೊಂದು ಬೆಳೆಸುತ್ತವೆ. ಹಳಿ ಬಿಗಿಯಾದಷ್ಟೂ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಹೆಚ್ಚಾದಷ್ಟೂ ಹಳೇ ಸ್ವಿಚ್ಚಿನಲ್ಲಿ, ವೈರುಗಳನ್ನು ಜೋಡಿಸುವ ಕಪ್ಲರಿನಲ್ಲಿ ವೋಲ್ಟೇಜು ಇನ್ನಷ್ಟು ಬೀಳುತ್ತದೆ. ವೋಲ್ಟೇಜು ಬಿದ್ದಷ್ಟೂ ಮೋಟಾರ್ ಇನ್ನಷ್ಟು ಸೋಲುತ್ತದೆ.

ಲೆಕ್ಕ ಹಾಕಿ ನೋಡಿ. ಗ್ಲಾಸ್ ಏರುವಾಗ ಮೋಟಾರ್ 7 ಆಂಪಿಯರ್ ಎಳೆಯುತ್ತಿದೆ, ದಾರಿಯಲ್ಲಿ ಕಪ್ಪಾದ ಕಾಂಟ್ಯಾಕ್ಟುಗಳಿಂದ (ಲೋಹಕ್ಕೆ ಲೋಹ ತಾಗಿ ಕರೆಂಟ್ ದಾಟುವ ಜಾಗಗಳು) ಒಟ್ಟು 0.3 ಓಮ್ ಪ್ರತಿರೋಧ ಸೇರಿಕೊಂಡಿದೆ ಎಂದಿಟ್ಟುಕೊಳ್ಳಿ. ಆಗ 2.1 ವೋಲ್ಟ್ ಮೋಟಾರಿಗೆ ತಲುಪುವುದೇ ಇಲ್ಲ. ಅದು ಶಾಖವಾಗಿ ಹೋಗುತ್ತದೆ, ಸುಮಾರು 15 ವ್ಯಾಟ್. ಬೆರಳುಗುರಿನಷ್ಟು ದೊಡ್ಡ ಕಾಂಟ್ಯಾಕ್ಟಿನ ಮೇಲೆ 15 ವ್ಯಾಟ್ ಬಿದ್ದರೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ತಾಮ್ರ ಇನ್ನಷ್ಟು ಕಪ್ಪಾಗುತ್ತದೆ. ಅದೇ ಬಿಗಿ ಹಳಿಯಿಂದ ಕರೆಂಟ್ 12 ಆಂಪಿಯರಿಗೆ ಏರಿದರೆ ನಷ್ಟ 3.6 ವೋಲ್ಟ್.

ಬಿಚ್ಚುವ ಮುಂಚೆ ಕೇಳಿ, ನೋಡಿ

ಬಾಗಿಲಿಗೆ ಕೈ ಹಾಕುವ ಮೊದಲೇ ಅರ್ಧ ರೋಗ ಗೊತ್ತಾಗುತ್ತದೆ. ಎರಡೂ ಕಿಟಕಿ ಒಟ್ಟಿಗೇ ಸತ್ತಿದ್ದರೆ ತೊಂದರೆ ಇರುವುದು ಎರಡಕ್ಕೂ ಸೇರಿದ ಜಾಗದಲ್ಲಿ: ಫ್ಯೂಸು, ಇಗ್ನಿಷನ್‌ನಿಂದ ಬರುವ ಸಪ್ಲೈ, ಇಲ್ಲವೇ ಸ್ವಿಚ್ಚಿನ ಅರ್ಥ್ (ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ). ಒಂದೇ ಕಿಟಕಿ ಎರಡೂ ದಿಕ್ಕಿಗೆ ಸತ್ತಿದ್ದರೆ ಆ ಬಾಗಿಲಿನ ವೈರು, ಕಪ್ಲರು, ಮೋಟಾರನ್ನು ಅನುಮಾನಿಸಿ. ಇಳಿಯುತ್ತದೆ ಆದರೆ ಏರುವ ಪ್ರಯತ್ನವನ್ನೇ ಮಾಡುವುದಿಲ್ಲ ಎಂದರೆ ಮೋಟಾರ್ ಸರಿಯಾಗಿದೆ, ಸ್ವಿಚ್ಚಿನ ಒಂದು ಕಡೆಯ ಕಾಂಟ್ಯಾಕ್ಟ್ ಹೋಗಿದೆ. ಮೋಟಾರ್ ತಿರುಗುವ ಸದ್ದು ಬರುತ್ತಿದೆ, ಗ್ಲಾಸ್ ಅಲುಗುತ್ತಿಲ್ಲ ಎಂದರೆ ಗ್ಲಾಸ್ ಎಳೆಯುವ ಕೇಬಲ್ ಕಡಿದಿದೆ ಅಥವಾ ಅದನ್ನು ಸುತ್ತಿದ ಡ್ರಮ್ಮಿನಿಂದ ಹಾರಿದೆ. ಸ್ವಲ್ಪ ಏರಿ ನಿಂತು, ಐದಾರು ನಿಮಿಷ ಬಿಟ್ಟರೆ ಮತ್ತೆ ಏರುತ್ತದೆ ಎಂದರೆ ಮೋಟಾರಿನೊಳಗಿನ ಶಾಖದ ಕಟ್‌ಔಟ್ ಬೀಳುತ್ತಿದೆ. ಅದು ಮೋಟಾರನ್ನು ಕಾಪಾಡುತ್ತಿದೆ ಅಷ್ಟೆ, ಬಿಗಿ ಇರುವುದು ಬೇರೆ ಕಡೆ.

ಏನೂ ಸದ್ದಿಲ್ಲದಿದ್ದಾಗ ಒಂದು ಸುಲಭ ಪರೀಕ್ಷೆ ಇದೆ. ಕತ್ತಲಲ್ಲಿ ಎಂಜಿನ್ ಆಫ್ ಮಾಡಿ, ಇಗ್ನಿಷನ್ ಆನ್ ಇಟ್ಟು, ಮೀಟರ್ ಬೋರ್ಡಿನ ದೀಪ ನೋಡುತ್ತ ಗುಂಡಿ ಒತ್ತಿ. ದೀಪ ಮಂಕಾದರೆ ಕರೆಂಟ್ ಹರಿಯುತ್ತಿದೆ, ಅಂದರೆ ಮೋಟಾರೋ ಗ್ಲಾಸೋ ಸಿಕ್ಕಿಹಾಕಿಕೊಂಡಿದೆ. ದೀಪ ಕದಲದಿದ್ದರೆ ಎಲ್ಲೋ ದಾರಿ ಕಡಿದಿದೆ.

ಗುಂಡಿ ಒತ್ತಿ ದಿಕ್ಕು ಬದಲಿಸಿದಾಗಲೆಲ್ಲ ಬಾಗಿಲೊಳಗೆ 'ಟಕ್' ಎಂದು ಕೇಳಿಸಿದರೆ ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೀಟರ್ ಹೇಳುವುದನ್ನು ಓದುವುದು

ಇದೇ ಈ ಕೆಲಸದ ತಿರುಳು, ಇಲ್ಲಿ ಅವಸರ ಮಾಡಬೇಡಿ. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಕಿಟಕಿಯ ಸ್ವಿಚ್ಚು ಎರಡು ಸೀಟುಗಳ ನಡುವಿನ ಕನ್ಸೋಲಿನಲ್ಲಿದೆ. ಹಿಂದಿನಿಂದ ಹೊರಟ ಕರೆಂಟ್ ಫ್ಯೂಸು, ಇಗ್ನಿಷನ್ ದಾಟಿ ಸ್ವಿಚ್ಚಿಗೆ ಬಂದು, ಅಲ್ಲಿಂದ ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ತೂರಿ ಮೋಟಾರ್ ತಲುಪಬೇಕು. ಇಷ್ಟು ಉದ್ದದ ದಾರಿಯಲ್ಲಿ ಪ್ರತಿ ಜೋಡಣೆಯೂ ಮೂವತ್ತು ವರ್ಷ ಹಳೆಯದು.

ಮೊದಲು ಬ್ಯಾಟರಿ. ಎಂಜಿನ್ ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು ಮೀಟರಿನಿಂದ (ವೋಲ್ಟೇಜು ಅಳೆಯುವ ಮಲ್ಟಿಮೀಟರ್) ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಇದೇ ಇಲ್ಲದಿದ್ದರೆ ಕಿಟಕಿಯ ಕೆಲಸ ಬದಿಗಿಟ್ಟು ಬ್ಯಾಟರಿ, ಆಲ್ಟರ್ನೇಟರ್ ನೋಡಿ.

ಆಮೇಲೆ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಯ ಹೊದಿಕೆ ತೆಗೆದು (ತೆಗೆಯುವ ಬಗೆ ಮುಂದಿದೆ) ಮೋಟಾರಿನ ಕಪ್ಲರ್ ಹುಡುಕಿ. ಅದಕ್ಕೆ ಎರಡು ವೈರು. ಕಪ್ಲರನ್ನು ಬಿಡಿಸಬೇಡಿ, ಅದರ ಹಿಂಭಾಗದಿಂದ ಮೀಟರಿನ ಸೂಜಿಮೊನೆ ತೂರಿಸಿ. ಎಂಜಿನ್ ಓಡುತ್ತಿರಲಿ. ಇನ್ನೊಬ್ಬರು ಗುಂಡಿ ಒತ್ತಲಿ. ಗ್ಲಾಸ್ ಅರ್ಧದಲ್ಲಿ ಏರುತ್ತಿರುವಾಗ ಎರಡು ವೈರಿನ ನಡುವೆ 12 ವೋಲ್ಟಿಗಿಂತ ಹೆಚ್ಚಿದ್ದರೆ ವೈರಿಂಗ್ ನಿರಪರಾಧಿ, ಹಳಿ ಅಥವಾ ಮೋಟಾರ್ ನೋಡಿ. 11ರ ಸುತ್ತ ಇದ್ದರೆ ಸ್ವಲ್ಪ ಸೋರಿಕೆ ಇದೆ. 10ಕ್ಕಿಂತ ಕೆಳಗಿದ್ದರೆ ಹೊಸ ಮೋಟಾರ್ ಹಾಕಿಯೂ ಪ್ರಯೋಜನವಿಲ್ಲ.

ಕಪ್ಲರ್ ಬಿಡಿಸಿ ಖಾಲಿ ವೈರಿನ ಮೇಲೆ ಅಳೆದವರು ಮೋಸ ಹೋಗುತ್ತಾರೆ. ವೈರಿನೊಳಗೆ ಎಲ್ಲ ಎಳೆ ಕಡಿದು ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಮೋಟಾರ್ ಜೋಡಿಸಿದ ಕೂಡಲೇ ಅದು ನಾಲ್ಕೈದು ವೋಲ್ಟಿಗೆ ಕುಸಿಯಬಹುದು. ಮೀಟರ್ ಇಲ್ಲದಿದ್ದರೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದುಕೊಳ್ಳಿ. ಅದು ಪೌಣೆ ಎರಡು ಆಂಪಿಯರ್ ಎಳೆಯುತ್ತದೆ, ಹಾಳಾದ ವೈರಿನ ಮೇಲೆ ಮಂಕಾಗಿ ಉರಿದು ಸುಳ್ಳನ್ನು ಹಿಡಿದುಕೊಡುತ್ತದೆ.

ವೋಲ್ಟೇಜು ಕಡಿಮೆ ಎಂದು ಗೊತ್ತಾದ ಮೇಲೆ ಎಲ್ಲಿ ಸೋರುತ್ತಿದೆ ಎಂದು ತುಂಡು ತುಂಡಾಗಿ ಹುಡುಕಬೇಕು. ಗ್ಲಾಸ್ ಚಲಿಸುತ್ತಿರುವಾಗಲೇ ಸ್ವಿಚ್ಚಿಗೆ ಬರುವ ವೈರು ಮತ್ತು ಸ್ವಿಚ್ಚಿನಿಂದ ಹೋಗುವ ವೈರಿನ ನಡುವೆ ಮೀಟರ್ ಹಿಡಿಯಿರಿ. ಸರಿಯಾದ ಕಾಂಟ್ಯಾಕ್ಟಿನಲ್ಲಿ ಇದು 0.2 ವೋಲ್ಟಿನೊಳಗೆ ಇರುತ್ತದೆ. 1 ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಂತೆಯೇ.

ಇಲ್ಲಿ ಒಂದು ಸಂಗತಿ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಈ ಮೋಟಾರಿಗೆ ಬಾಗಿಲಿನಲ್ಲಿ ಅದರದೇ ಅರ್ಥ್ ಇಲ್ಲ. ಗುಂಡಿ ಮುಟ್ಟದಿದ್ದಾಗ ಎರಡೂ ವೈರು ಸ್ವಿಚ್ಚಿನ ಮೂಲಕವೇ ಅರ್ಥಿಗೆ ಕೂತಿರುತ್ತವೆ. ಮೇಲಕ್ಕೆ ಒತ್ತಿದಾಗ ಒಂದು ವೈರಿಗೆ ಪ್ಲಸ್ ಸಿಗುತ್ತದೆ, ಕೆಳಕ್ಕೆ ಒತ್ತಿದಾಗ ಇನ್ನೊಂದಕ್ಕೆ. ಹಾಗೆ ಮೋಟಾರ್ ದಿಕ್ಕು ಬದಲಿಸುತ್ತದೆ. ಅಂದರೆ ಕರೆಂಟ್ ಹೋಗುವಾಗಲೂ ಸ್ವಿಚ್ಚಿನ ಕಾಂಟ್ಯಾಕ್ಟ್ ದಾಟುತ್ತದೆ, ವಾಪಸ್ ಬರುವಾಗಲೂ ದಾಟುತ್ತದೆ. ಪ್ಲಸ್ ಕಡೆ ಮಾತ್ರ ಅಳೆದು ಸ್ವಿಚ್ಚು ಚೆನ್ನಾಗಿದೆ ಎಂದು ಬಿಟ್ಟರೆ ಅರ್ಧ ಸೋರಿಕೆ ಉಳಿದೇಹೋಗುತ್ತದೆ. ಮೋಟಾರಿನ ಮೈನಸ್ ಕಡೆಯ ವೈರಿನಿಂದ ಬಾಡಿಯ ಶುಚಿಯಾದ ಕಬ್ಬಿಣಕ್ಕೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಸ್ವಿಚ್ಚಿನ ಅರ್ಥ್ ಕಾಂಟ್ಯಾಕ್ಟನ್ನೂ ಅರ್ಥ್ ಬೋಲ್ಟನ್ನೂ ಉಜ್ಜಬೇಕು.

ಬಾಗಿಲ ಕೀಲಿನ ಬಳಿಯ ರಬ್ಬರ್ ಕೊಳವೆ ಇನ್ನೊಂದು ಜಾಗ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಒಳಗಿನ ವೈರು ಅದೇ ಜಾಗದಲ್ಲಿ ಬಾಗುತ್ತದೆ. ಮೇಲಿನ ಸಿಪ್ಪೆ ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರ ತುಂಡಾಗಿರುತ್ತದೆ. ಗುಂಡಿ ಒತ್ತಿ ಹಿಡಿದು ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ. ಒಂದು ಕೋನದಲ್ಲಿ ಕಿಟಕಿಗೆ ಜೀವ ಬಂದು ಇನ್ನೊಂದು ಕೋನದಲ್ಲಿ ಹೋದರೆ ಬೇರೆ ಸಾಕ್ಷಿ ಬೇಡ. ಅನುಮಾನದ ವೈರನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ, ಕಡಿದ ಜಾಗ ರಬ್ಬರಿನಂತೆ ಹಿಗ್ಗುತ್ತದೆ. ಆ ತುಂಡನ್ನು ಕತ್ತರಿಸಿ, ಬಾಗುವ ಜಾಗದಿಂದ ಎರಡೂ ಬದಿ ಸಾಕಷ್ಟು ದೂರದವರೆಗೆ ಹೊಸ ಮೆತ್ತನೆ ವೈರ್ ಸೇರಿಸಿ ಬೆಸೆಯಿರಿ. ಬಾಗುವ ಜಾಗದಲ್ಲೇ ಬೆಸುಗೆ ಬಂದರೆ ಮತ್ತೆ ಅಲ್ಲೇ ಮುರಿಯುತ್ತದೆ.

ಸ್ವಿಚ್ಚಿನ ಒಳಗೆ

ಕನ್ಸೋಲಿನಿಂದ ಸ್ವಿಚ್ಚನ್ನು ಬಿಡಿಸಿದ ಮೇಲೆ ಅದರ ಹಲ್ಲಿನಂಥ ಕ್ಲಿಪ್ಪುಗಳನ್ನು ತೆಳ್ಳನೆ ಸ್ಕ್ರೂ ಡ್ರೈವರಿನಿಂದ ಒಂದೊಂದಾಗಿ ಮೀಟಿ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ಈ ಕೆಲಸ ಮಾಡಿ, ಏಕೆಂದರೆ ಒಳಗಿನ ಸಾಸಿವೆ ಗಾತ್ರದ ಗುಂಡು, ಸ್ಪ್ರಿಂಗು ಹಾರಿ ಸೀಟಿನ ಹಳಿಯಡಿ ಸೇರಿಕೊಂಡರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ತೆರೆದ ಕೂಡಲೇ ಫೋಟೋ ತೆಗೆದುಕೊಳ್ಳಿ.

ಒಳಗೆ ತಕ್ಕಡಿಯಂತೆ ಓಲಾಡುವ ತಾಮ್ರದ ಪುಟ್ಟ ಪಟ್ಟಿಗಳಿವೆ. ಪಟ್ಟಿಯ ತುದಿಯಲ್ಲಿ ಕಿಡಿ ಹಾರಿ ಹಾರಿ ಮಸಿ ಕಟ್ಟಿರುತ್ತದೆ, ಸುತ್ತಲಿನ ಹಳೇ ಗ್ರೀಸು ಸುಟ್ಟು ಟಾರಿನಂತಾಗಿರುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರಿನಿಂದ ಆ ಟಾರನ್ನು ಪೂರ್ತಿ ತೊಳೆಯಿರಿ. ಮಸಿಯನ್ನು 1000 ನಂಬರಿನ ಅಥವಾ ಅದಕ್ಕಿಂತ ನಯವಾದ ಉಜ್ಜು ಕಾಗದದಿಂದ ಎರಡು ಮೂರು ಸಲ ಮಾತ್ರ ಸವರಿ, ತಾಮ್ರ ಕೆಂಪಗೆ ಕಾಣುವವರೆಗೆ. ಒರಟು ಕಾಗದದಿಂದ ತಿಕ್ಕಿದರೆ ಗೀರು ಬಿದ್ದು ಮಸಿ ಮೊದಲಿಗಿಂತ ಬೇಗ ಕಟ್ಟುತ್ತದೆ. ಓಲಾಡುವ ಜಾಗಕ್ಕೆ ಮಾತ್ರ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸು ಸಾಕು, ಕಾಂಟ್ಯಾಕ್ಟಿನ ಮೇಲೆ ಬೇಡ. ಕಾಂಟ್ಯಾಕ್ಟು ಕೂರುವ ಪ್ಲಾಸ್ಟಿಕ್ ಕರಗಿ ವಾಲಿದ್ದರೆ ಮಾತ್ರ ಸ್ವಿಚ್ಚು ಬದಲಿಸಬೇಕು.

ಬಾಗಿಲು ಬಿಚ್ಚಿದಾಗ

ಡೋರ್ ಪ್ಯಾಡನ್ನು ಕೈಹಿಡಿಯ ಸ್ಕ್ರೂ, ಒಳಗಿನ ಹ್ಯಾಂಡಲ್ಲಿನ ಸುತ್ತಿನ ಸ್ಕ್ರೂ ತೆಗೆದು, ಅಂಚಿನುದ್ದಕ್ಕೂ ಪ್ಲಾಸ್ಟಿಕ್ ಮೀಟುಗೋಲಿನಿಂದ ಕ್ಲಿಪ್ಪು ಬಿಡಿಸಿ ಎತ್ತಬೇಕು. ಮೀಟುಗೋಲನ್ನು ಪ್ರತಿ ಕ್ಲಿಪ್ಪಿನ ಬುಡಕ್ಕೇ ಹಾಕಿ. ಪ್ಯಾಡಿನ ಹಲಗೆ ಒತ್ತಿದ ನಾರಿನದು, ನೀರು ಕುಡಿದು ಮೆತ್ತಗಾಗಿದ್ದರೆ ಕ್ಲಿಪ್ಪು ಹಲಗೆಯನ್ನೇ ಕಿತ್ತುಕೊಂಡು ಬರುತ್ತದೆ. ಅದರ ಹಿಂದೆ ಕಪ್ಪು ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇದೆ. ಅದನ್ನು ಹರಿಯಬೇಡಿ, ಅಂಟು ಗಟ್ಟಿಯಾಗಿದ್ದರೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಚಾಕುವಿನಿಂದ ಬಿಡಿಸಿ. ಬಾಗಿಲೊಳಗಿನ ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಕೈಗವಸು ಹಾಕಿಕೊಳ್ಳಿ.

ಈ ಕಾರಿನಲ್ಲಿರುವುದು ಕೇಬಲ್ ಮಾದರಿಯ ರೆಗ್ಯುಲೇಟರ್, ನಮ್ಮ ಗ್ಯಾರೇಜುಗಳಲ್ಲಿ ವಿಂಡೋ ಮೆಷಿನ್ ಎನ್ನುವುದು ಇದನ್ನೇ. ಮೋಟಾರ್ ಒಂದು ಡ್ರಮ್ ತಿರುಗಿಸುತ್ತದೆ, ಡ್ರಮ್ಮಿಗೆ ಸುತ್ತಿದ ಉಕ್ಕಿನ ಕೇಬಲ್ ನೆಟ್ಟಗಿನ ಹಳಿಯ ಮೇಲೆ ಒಂದು ಕ್ಯಾರಿಯರನ್ನು ಎಳೆಯುತ್ತದೆ, ಗ್ಲಾಸ್ ಆ ಕ್ಯಾರಿಯರಿಗೆ ಬೋಲ್ಟ್ ಆಗಿದೆ. ಗ್ಲಾಸಿನ ಮುಂದಿನ ಹಿಂದಿನ ಅಂಚು ಅವುಗಳದೇ ಗೈಡುಗಳಲ್ಲಿ ಜಾರುತ್ತವೆ.

'ಟಕ್' ಸದ್ದಿನ ಮೂಲ ಕ್ಯಾರಿಯರಿನಲ್ಲಿದೆ. ಕೇಬಲ್ಲಿನ ಎರಡು ತುದಿಯ ಗುಂಡುಗಳು ಕ್ಯಾರಿಯರಿನೊಳಗೆ ಪುಟ್ಟ ಪ್ಲಾಸ್ಟಿಕ್ ಬುಶ್ಶಿನ ಮೇಲೆ ಕೂರುತ್ತವೆ. ವಯಸ್ಸಾದ ಪ್ಲಾಸ್ಟಿಕ್ ಹಪ್ಪಳದಂತೆ ಪುಡಿಯಾಗುತ್ತದೆ. ಬುಶ್ಶು ಹೋದಷ್ಟೇ ಜಾಗ ಕೇಬಲ್ಲಿಗೆ ಸಡಿಲ ಸಿಗುತ್ತದೆ. ದಿಕ್ಕು ಬದಲಾದಾಗ ಆ ಸಡಿಲವನ್ನು ಎಳೆದುಕೊಂಡು ಗುಂಡು ಬಂದು ಬಡಿಯುತ್ತದೆ. ಈ ಸದ್ದನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡು ಸುಮ್ಮನಿದ್ದರೆ ಸಡಿಲ ಕೇಬಲ್ ಡ್ರಮ್ಮಿನಲ್ಲಿ ಒಂದರ ಮೇಲೊಂದು ಸುತ್ತಿಕೊಂಡು ಗಂಟಾಗುತ್ತದೆ, ಎಳೆ ಬಿಚ್ಚುತ್ತದೆ, ಕೊನೆಗೆ ಇಡೀ ಮೆಷಿನ್ನೇ ಬದಲಿಸಬೇಕಾಗುತ್ತದೆ. ಬುಶ್ಶು ಮಾತ್ರ ಬಿಡಿಯಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಕೇಬಲ್ಲಿನ ಎಳೆ ಒಂದಾದರೂ ಮುಳ್ಳಿನಂತೆ ಎದ್ದಿದ್ದರೆ ಬುಶ್ಶಿಗೆ ಹಣ ಹಾಕಬೇಡಿ, ಆ ಹಂತ ದಾಟಿದೆ.

ಕ್ಯಾರಿಯರಿನ ಬೋಲ್ಟ್ ಮುಟ್ಟುವ ಮೊದಲು ಗ್ಲಾಸನ್ನು ಪೂರ್ತಿ ಏರಿಸಿ, ಅಗಲದ ಮಾಸ್ಕಿಂಗ್ ಟೇಪಿನ ಮೂರ್ನಾಲ್ಕು ಪಟ್ಟಿ ಒಳಗಿನಿಂದ ಬಾಗಿಲ ಅಂಚಿನ ಮೇಲಿಂದ ಹೊರಕ್ಕೆ ಎಳೆದು ಅಂಟಿಸಿ. ಈ ಬಾಗಿಲಿಗೆ ಮೇಲಿನ ಚೌಕಟ್ಟಿಲ್ಲ, ಗ್ಲಾಸನ್ನು ಹಿಡಿಯಲು ಬೇರೆ ಆಸರೆ ಇಲ್ಲ. ಬೋಲ್ಟ್ ಇದ್ದ ಜಾಗವನ್ನು ಮಾರ್ಕರಿನಿಂದ ಸುತ್ತು ಹಾಕಿ ಗುರುತಿಸಿ. ಬ್ಯಾಟರಿಯ ಮೈನಸ್ ತೆಗೆದ ಮೇಲೆಯೇ ಬೆರಳು ಒಳಗೆ ಹೋಗಲಿ. ಬೇರೆ ಕಾರುಗಳಲ್ಲಿ ಕತ್ತರಿ ಮಾದರಿಯ ಮೆಷಿನ್ ಇರುತ್ತದೆ, ಅದರಲ್ಲಿ ಬಿಗಿಯಾದ ಸುರುಳಿ ಸ್ಪ್ರಿಂಗ್ ಇದ್ದು ಮೋಟಾರ್ ಬಿಚ್ಚಿದ ಕ್ಷಣ ತೋಳು ಚಿಮ್ಮುತ್ತದೆ; ಅಂಥದ್ದಾದರೆ ತೋಳನ್ನು ಮೊದಲು ಕಟ್ಟಿಹಾಕಿ.

ಗ್ಲಾಸ್ ಕ್ಯಾರಿಯರಿನಿಂದ ಬಿಡಿಸಿದ ಮೇಲೆ ಎರಡು ಪರೀಕ್ಷೆ ಒಟ್ಟಿಗೇ ಆಗುತ್ತದೆ. ಗ್ಲಾಸನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಸರಿಸಿ, ಒಂದು ಕೈಯಿಂದ ಸಲೀಸಾಗಿ ಜಾರಬೇಕು. ಜಾರದಿದ್ದರೆ ಬಿಗಿ ಗೈಡು, ರಬ್ಬರಿನಲ್ಲಿದೆ. ಗ್ಲಾಸ್ ಇಲ್ಲದೆ ಮೆಷಿನ್ ಮಾತ್ರ ಓಡಿಸಿ (ಇದಕ್ಕೆ ಬ್ಯಾಟರಿ ಮತ್ತೆ ಜೋಡಿಸಬೇಕು, ಕೈ ದೂರವಿರಲಿ). ಅದೂ ನಿಧಾನವಾದರೆ ಬಿಗಿ ಕೇಬಲ್ಲಿನಲ್ಲಿ ಅಥವಾ ಮೋಟಾರಿನಲ್ಲಿದೆ. ಇನ್ನೂ ಖಾತ್ರಿಯಾಗಬೇಕೆಂದರೆ ಮೋಟಾರನ್ನು ಡ್ರಮ್ಮಿನಿಂದ ಬೇರ್ಪಡಿಸಿ, 15 ಆಂಪಿಯರ್ ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಕೊಡಿ. ಹೊರೆಯಿಲ್ಲದ ಮೋಟಾರ್ ಒಂದೇ ಸಮನೆ ಗುಯ್‌ಗುಡುತ್ತ ತಿರುಗಬೇಕು, ಎರಡೂ ದಿಕ್ಕಿಗೆ ಒಂದೇ ವೇಗದಲ್ಲಿ. ತಡೆದು ತಡೆದು ತಿರುಗಿದರೆ, ತಟ್ಟಿದಾಗ ಮಾತ್ರ ಹೊರಟರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಮೋಟಾರ್ ಬದಲಿಸಲು ನ್ಯಾಯವಾದ ಕಾರಣ ಇದೊಂದೇ.

ಹಳಿಯ ಹಳೇ ಗ್ರೀಸು ಮೇಣದಂತೆ ಗಟ್ಟಿಯಾಗಿ, ದೂಳು ಸೇರಿ ಉಜ್ಜು ಕಾಗದದಂತಾಗಿರುತ್ತದೆ. ಅದರ ಮೇಲೆ ಹೊಸ ಗ್ರೀಸು ಬಳಿದರೆ ದಕ್ಕುವುದಿಲ್ಲ. ಬಟ್ಟೆಗೆ ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿ ಲೋಹ ಹೊಳೆಯುವವರೆಗೆ ಒರೆಸಿ, ಆಮೇಲೆ ಬಿಳಿ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿ. ಗ್ಲಾಸ್ ಓಡುವ ರಬ್ಬರು, ಉಣ್ಣೆಯಂಥ ಅಂಚುಗಳಿಗೆ ಇದೇ ಗ್ರೀಸು ಬೇಡ, ಪೆಟ್ರೋಲಿಯಂ ಎಣ್ಣೆ ತಾಗಿದ ರಬ್ಬರು ಊದಿಕೊಂಡು ಗ್ಲಾಸನ್ನು ಇನ್ನೂ ಬಿಗಿ ಹಿಡಿಯುತ್ತದೆ. ಅಲ್ಲಿಗೆ ಸಿಲಿಕೋನ್ ಸ್ಪ್ರೇ. ತುಕ್ಕು ಬಿಡಿಸುವ ತೆಳು ಎಣ್ಣೆಯ ಸ್ಪ್ರೇ ಹೊಡೆದರೆ ಎರಡು ವಾರ ಚೆನ್ನಾಗಿ ಓಡಿ ಮತ್ತೆ ಮೊದಲಿನಂತಾಗುತ್ತದೆ, ಏಕೆಂದರೆ ಅದು ಉಳಿದ ಗ್ರೀಸನ್ನೂ ಕರಗಿಸಿ ತಾನೂ ಆರಿಹೋಗುತ್ತದೆ.

ರಿಲೇ ಹಾಕುವುದಾದರೆ

ಸ್ವಿಚ್ಚು ತೊಳೆದು, ಹಳಿ ಶುಚಿ ಮಾಡಿದ ಮೇಲೂ ಮೋಟಾರಿನ ಬಳಿ ವೋಲ್ಟೇಜು ಸಾಲದಿದ್ದರೆ ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಒಳ್ಳೆಯ ದಾರಿ. ಒಂದು ಕಿಟಕಿಗೆ ಐದು ಕಾಲಿನ ಎರಡು ರಿಲೇ ಬೇಕು. ಮುಂದಿನ ನಂಬರುಗಳು ರಿಲೇಯ ಕಾಲುಗಳವು: ಎರಡರಲ್ಲೂ 87ಕ್ಕೆ ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್, 87ಎಗೆ ಅರ್ಥ್, 85ಕ್ಕೂ ಅರ್ಥ್. ಸ್ವಿಚ್ಚಿನಿಂದ ಮೋಟಾರಿಗೆ ಹೋಗುತ್ತಿದ್ದ ಎರಡು ವೈರು ಈಗ ಒಂದೊಂದು ರಿಲೇಯ 86ಕ್ಕೆ ಹೋಗುತ್ತವೆ, ಎರಡು ರಿಲೇಯ 30 ಮೋಟಾರಿನ ಎರಡು ಕಾಲಿಗೆ. ಗುಂಡಿ ಮುಟ್ಟದಾಗ ಮೋಟಾರಿನ ಎರಡೂ ಕಾಲು 87ಎ ಮೂಲಕ ಅರ್ಥಿನಲ್ಲಿರುತ್ತವೆ, ಒತ್ತಿದಾಗ ಒಂದು ಮಾತ್ರ ಪ್ಲಸ್ಸಿಗೆ ಹಾರುತ್ತದೆ. ಹಳೇ ಸ್ವಿಚ್ಚಿನ ಮೇಲೆ ಈಗ ಬೀಳುವುದು ರಿಲೇ ಸುರುಳಿಯ ಅಲ್ಪ ಕರೆಂಟ್, ಕಾಲು ಆಂಪಿಯರಿಗಿಂತ ಕಡಿಮೆ. ಹೊಸ ದಾರಿಗೆ 2.5 ಚದರ ಮಿ.ಮೀ. ವೈರು, 20 ಆಂಪಿಯರ್ ಫ್ಯೂಸು ಸಾಕು, ಆ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ನಡುವೆ ಎಲ್ಲಾದರೂ ವೈರು ಬಾಡಿಗೆ ಉಜ್ಜಿ ಸಿಪ್ಪೆ ಹೋದರೆ ಬೆಂಕಿಯಿಂದ ಉಳಿಸುವುದು ಅದೇ. ಒಂದೇ ಸಲ ಒತ್ತಿದರೆ ಪೂರ್ತಿ ಇಳಿಯುವ ವ್ಯವಸ್ಥೆ ಇರುವ ಸ್ವಿಚ್ಚುಗಳಿಗೆ ಈ ಜೋಡಣೆ ಹಾಕಬೇಡಿ. ಅಂಥವು ಮೋಟಾರಿನ ಕರೆಂಟ್ ಏರುವುದನ್ನು ನೋಡಿ ನಿಲ್ಲುವಂಥವು, ರಿಲೇ ನಡುವೆ ಬಂದರೆ ಅದು ಅವಕ್ಕೆ ಕಾಣುವುದಿಲ್ಲ.

ಮತ್ತೆ ಜೋಡಿಸುವಾಗ

ಗ್ಲಾಸನ್ನು ಗುರುತು ಹಾಕಿದ ಜಾಗಕ್ಕೇ ಕೂರಿಸಿ, ಬೋಲ್ಟುಗಳನ್ನು ಬೆರಳಿನ ಬಿಗಿಯಲ್ಲಿ ಬಿಡಿ. ಎರಡು ಸಲ ಪೂರ್ತಿ ಇಳಿಸಿ ಏರಿಸಿದರೆ ಗ್ಲಾಸ್ ತನ್ನ ದಾರಿ ತಾನೇ ಕಂಡುಕೊಳ್ಳುತ್ತದೆ, ಆಮೇಲೆ ಬಿಗಿ ಮಾಡಿ. ಮೊದಲೇ ಬಿಗಿದರೆ ಗೈಡು ಒಂದು ಕಡೆ ಒತ್ತಿಕೊಂಡು ಮತ್ತೆ ಬಿಗಿ ಹಿಡಿಯುತ್ತದೆ. ಏರುವಾಗ ಗ್ಲಾಸ್ ಮುಂದಕ್ಕೋ ಹಿಂದಕ್ಕೋ ವಾಲಿದರೆ ಗೈಡಿನ ಪ್ಲಾಸ್ಟಿಕ್ ಶೂ ಸವೆದಿದೆಯೇ ನೋಡಿ. ಬಟ್ಟೆಯ ಹುಡ್ ಹಾಕಿ ಬಾಗಿಲು ಮುಚ್ಚಿ, ಗ್ಲಾಸಿನ ಮೇಲಂಚು ಮತ್ತು ಹುಡ್ಡಿನ ರಬ್ಬರಿನ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಎಳೆಯಿರಿ. ಉದ್ದಕ್ಕೂ ಒಂದೇ ಬಿಗಿಯಲ್ಲಿ ಎಳೆದುಕೊಂಡು ಬರಬೇಕು. ಒಂದು ಕಡೆ ಸಲೀಸಾಗಿ ಬಂದರೆ ಅಲ್ಲಿ ಮಳೆನೀರು ನುಗ್ಗುತ್ತದೆ.

ಪ್ಯಾಡ್ ಮುಚ್ಚುವ ಮುಂಚೆ ಬಾಗಿಲ ತಳದ ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ಕೆಸರು ತೆಗೆಯಿರಿ. ಗ್ಲಾಸಿನ ಪಕ್ಕದಿಂದ ಇಳಿದ ನೀರು ಬಾಗಿಲೊಳಗೆ ಬರುವುದು ಸಹಜ, ಅದು ಕೆಳಗಿನಿಂದ ಹೋಗಬೇಕು. ನಿಂತರೆ ತಗಡಿಗೂ ಕಪ್ಲರಿಗೂ ತುಕ್ಕು. ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಸಂದಿ ಬಿಡದೆ ಅಂಟಿಸಿ, ಹರಿದ ಕಡೆ ತೇಪೆ ಹಾಕಿ. ಹಾಳೆಯ ಕೆಳ ಅಂಚು ಬಾಗಿಲ ತಗಡಿನ ಒಳಕ್ಕೆ ಮಡಚಿ ಹೋಗಬೇಕು, ಹೊರಕ್ಕೆ ಬಂದರೆ ಅದೇ ನೀರು ಡೋರ್ ಪ್ಯಾಡಿನ ನಾರು ಹಲಗೆಗೆ ಇಳಿದು ಕ್ಲಿಪ್ಪಿನ ತೂತುಗಳನ್ನು ಮತ್ತೆ ಮೆತ್ತಗೆ ಮಾಡುತ್ತದೆ.